ಮರಳಿ ಗುಡ್ಡ ಹತ್ತುವ ಮುನ್ನ

2021ರ ಜುಲೈ 27. ಜಪಾನಿನ ಇಜು ಎಂಬಲ್ಲಿ ಒಲಿಂಪಿಕ್ಸ್‌ನ ಮಹಿಳೆಯರ ಮೌಂಟನ್ ಬೈಕ್ ಸ್ಪರ್ಧೆ. ಮಳೆ ಬಂದು ದಾರಿ ಒದ್ದೆಯಾಗಿತ್ತು. ಬಂಡೆ, ಮರದ ಬೇರು, ಉಸಿರು ಕಟ್ಟಿಸುವ ಏರು, ಎದೆ ನಡುಗಿಸುವ ಇಳಿಜಾರು. ಸ್ವಿಟ್ಜರ್ಲೆಂಡಿನ ಯೋಲಾಂಡಾ ನೆಫ್ ಮೊದಲ ಸುತ್ತಿನಲ್ಲೇ ಮುಂದೆ ಬಂದರು. ಆಮೇಲೆ ಅವರನ್ನು ಯಾರೂ ಹಿಡಿಯಲಿಲ್ಲ. ಒಂದೂಕಾಲು ಗಂಟೆಯ ನಂತರ ಗುರಿ ಮುಟ್ಟಿದಾಗ ಎರಡನೆಯವರಿಗಿಂತ ಒಂದು ನಿಮಿಷಕ್ಕೂ ಹೆಚ್ಚು ಮುಂದಿದ್ದರು. ಎರಡು, ಮೂರನೆಯ ಸ್ಥಾನಗಳೂ ಅದೇ ದೇಶದ ಸೀನಾ ಫ್ರೈ ಮತ್ತು ಲಿಂಡಾ ಇಂಡರ್‌ಗಾಂಡ್ ಅವರ ಪಾಲಾದವು.

ಇದರಲ್ಲೇನು ವಿಶೇಷ, ಒಲಿಂಪಿಕ್ಸ್ ಎಂದ ಮೇಲೆ ಯಾರಾದರೂ ಗೆಲ್ಲಲೇಬೇಕಲ್ಲ ಎನ್ನುತ್ತೀರಾ? ವಿಶೇಷವಿರುವುದು ಅದರ ಹಿಂದಿನ ಕಥೆಯಲ್ಲಿ. ಹತ್ತೊಂಬತ್ತು ತಿಂಗಳ ಹಿಂದೆ, 2019ರ ಡಿಸೆಂಬರಿನಲ್ಲಿ, ಅಮೆರಿಕದ ಉತ್ತರ ಕೆರೊಲಿನಾದ ಕಾಡಿನಲ್ಲಿ ಅಭ್ಯಾಸ ಮಾಡುತ್ತಿದ್ದಾಗ ನೆಫ್ ಬಿದ್ದರು. ಗುಲ್ಮ ಹರಿಯಿತು, ಪಕ್ಕೆಲುಬು ಮುರಿಯಿತು, ಒಂದು ಶ್ವಾಸಕೋಶ ಭಾಗಶಃ ಕುಸಿಯಿತು. ಚೇತರಿಸಿಕೊಂಡು ಮರಳಿದರು. ಒಲಿಂಪಿಕ್ಸ್‌ಗೆ ಆರೇ ವಾರವಿದೆ ಎನ್ನುವಾಗ ಮತ್ತೆ ಬಿದ್ದು ಕೈ ಮುರಿದುಕೊಂಡರು. ಹಾಗಿದ್ದೂ ಚಿನ್ನ!

ಇದರ ಹಿಂದಿನ ದಿನ ಅದೇ ದಾರಿಯಲ್ಲಿ ಪುರುಷರ ಸ್ಪರ್ಧೆ ಗೆದ್ದವರು ಇಂಗ್ಲೆಂಡಿನ ಟಾಮ್ ಪಿಡ್‌ಕಾಕ್. ವಯಸ್ಸು ಇನ್ನೂ 21. ಎಂಟು ವಾರಗಳ ಹಿಂದಷ್ಟೇ ಅಭ್ಯಾಸದ ವೇಳೆ ಕಾರು ಡಿಕ್ಕಿ ಹೊಡೆದು, ಭುಜವನ್ನೂ ಎದೆಯನ್ನೂ ಸೇರಿಸುವ ಕೊರಳೆಲುಬು ಅವರಿಗೆ ಹಲವು ತುಂಡಾಗಿತ್ತು.

ವಿದ್ಯಾರ್ಥಿಗಳೇ, ಇವರಿಬ್ಬರ ಹೆಸರು ನಿಮಗೆ ಮರೆತರೂ ಚಿಂತೆಯಿಲ್ಲ. ಆದರೆ ಇಲ್ಲೊಂದು ಪ್ರಶ್ನೆ ಇದೆ. ಅಭ್ಯಾಸ ತಪ್ಪಿದ ದೇಹ ಏನನ್ನು ಮರೆಯುತ್ತದೆ, ಏನನ್ನು ನೆನಪಿಟ್ಟುಕೊಳ್ಳುತ್ತದೆ? ಈ ಪ್ರಶ್ನೆ ಒಲಿಂಪಿಕ್ಸ್‌ನವರಿಗೆ ಮಾತ್ರ ಸೇರಿದ್ದಲ್ಲ. ನಮ್ಮಲ್ಲಿ ಒಂಬತ್ತನೆಯ ತರಗತಿಯವರೆಗೆ ಸೈಕಲ್ ಸ್ಪರ್ಧೆ, ಓಟ, ಕಬಡ್ಡಿ ಎಂದು ಓಡಾಡಿದ ಮಕ್ಕಳು ಹತ್ತನೆಯ ತರಗತಿಗೆ ಬಂದ ಕೂಡಲೇ ಎಲ್ಲವನ್ನೂ ನಿಲ್ಲಿಸುತ್ತಾರೆ. ಸೈಕಲ್ ಅಟ್ಟ ಸೇರುತ್ತದೆ. ಪರೀಕ್ಷೆ ಮುಗಿದ ಮೇಲೆ ಒಂದು ದಿನ ಅದನ್ನು ಕೆಳಗಿಳಿಸಿ, ಮುಂದಿನ ವಾರದ ಸ್ಪರ್ಧೆಗೆ ಹೆಸರು ಕೊಡುತ್ತಾರೆ. ಅಲ್ಲಿ ಒಂದೋ ಬಿದ್ದು ಪೆಟ್ಟು ಮಾಡಿಕೊಳ್ಳುತ್ತಾರೆ, ಇಲ್ಲವೇ ಹಿಂದೆ ಬಿದ್ದು 'ಇನ್ನು ನನ್ನ ಕೈಲಿ ಆಗದು' ಎಂದು ಶಾಶ್ವತವಾಗಿ ಬಿಟ್ಟುಬಿಡುತ್ತಾರೆ. ಎರಡೂ ಬೇಕಾಗಿಲ್ಲದ ನಷ್ಟಗಳೇ.

ಏನಿದು ಈ ಸ್ಪರ್ಧೆ?

ಡಾಂಬರು ರಸ್ತೆ ಬಿಟ್ಟು ಕಾಡು, ಗುಡ್ಡ, ಕಲ್ಲುಹಾದಿಗಳಲ್ಲಿ ನಡೆಯುವ ಸೈಕಲ್ ಸ್ಪರ್ಧೆಗೆ ಮೌಂಟನ್ ಬೈಕಿಂಗ್ ಎಂದು ಹೆಸರು. ಅದರಲ್ಲಿ ಕ್ರಾಸ್‌ಕಂಟ್ರಿ ಎಂಬುದು ಒಂದು ವಿಭಾಗ. ಕೆಲವು ಕಿಲೋಮೀಟರ್ ಉದ್ದದ ಒಂದೇ ದಾರಿಯನ್ನು ಹಲವು ಬಾರಿ ಸುತ್ತಬೇಕು. ಎಲ್ಲರೂ ಒಟ್ಟಿಗೆ ಹೊರಡುತ್ತಾರೆ. ಮೊದಲು ಗುರಿ ಮುಟ್ಟಿದವರು ಗೆದ್ದಂತೆ.

ಈ ಕ್ರೀಡೆಯ ಹುಟ್ಟು ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ. 1970ರ ದಶಕದಲ್ಲಿ ಅಲ್ಲಿನ ಟಮಲ್‌ಪಾಯಸ್ ಬೆಟ್ಟದ ಸುತ್ತಮುತ್ತ ಕೆಲವು ಯುವಕರು ದಪ್ಪ ಟೈರಿನ ಹಳೆಯ ಸೈಕಲ್‌ಗಳನ್ನು ಹಿಡಿದು ಮಣ್ಣಿನ ಇಳಿಜಾರುಗಳಲ್ಲಿ ಪಂದ್ಯ ಕಟ್ಟಿದರು. 1976ರಲ್ಲಿ ಶುರುವಾದ ಅಂಥ ಒಂದು ಪಂದ್ಯದ ಹೆಸರು 'ರೀಪ್ಯಾಕ್'. ಇಳಿಯುವಾಗ ಬ್ರೇಕ್ ಹಿಡಿದು ಹಿಡಿದು ಹಿಂದಿನ ಚಕ್ರದ ಹಬ್ಬಿನೊಳಗಿನ ಗ್ರೀಸ್ ಕಾದು ಹೊಗೆಯಾಗಿ ಹೋಗುತ್ತಿತ್ತು. ಕೆಳಗೆ ಬಂದ ಮೇಲೆ ಹೊಸ ಗ್ರೀಸ್ ತುಂಬಬೇಕಿತ್ತು. ಹಾಗೆ 'ಮತ್ತೆ ತುಂಬು' ಎಂಬ ಅರ್ಥದ ಹೆಸರು! 1990ರಲ್ಲಿ ಕೊಲರಾಡೊ ರಾಜ್ಯದ ಡುರಾಂಗೊದಲ್ಲಿ ಮೊದಲ ಅಧಿಕೃತ ವಿಶ್ವ ಚಾಂಪಿಯನ್‌ಷಿಪ್ ನಡೆಯಿತು. 1996ರ ಅಟ್ಲಾಂಟಾ ಕೂಟದಲ್ಲಿ ಈ ಸ್ಪರ್ಧೆ ಒಲಿಂಪಿಕ್ಸ್ ಸೇರಿತು.

ನಮ್ಮ ನಾಡಿಗೂ ಇದು ದೂರದ ಮಾತಲ್ಲ. ವಿಜಯಪುರ, ಬಾಗಲಕೋಟೆ, ಗದಗ ಭಾಗದ ಹಳ್ಳಿಗಳಿಂದ ರಾಷ್ಟ್ರಮಟ್ಟದ ಸೈಕಲ್ ಪಟುಗಳು ಬಂದಿದ್ದಾರೆ. 2022ರಲ್ಲಿ ರಾಷ್ಟ್ರೀಯ ಮೌಂಟನ್ ಬೈಕ್ ಚಾಂಪಿಯನ್‌ಷಿಪ್ ಗದಗದಲ್ಲೇ ನಡೆಯಿತು.

ದೇಹದ ನಾಲ್ಕು ಗಡಿಯಾರಗಳು

ಅಭ್ಯಾಸ ನಿಂತಾಗ ದೇಹ ಎಲ್ಲವನ್ನೂ ಒಟ್ಟಿಗೆ ಕಳೆದುಕೊಳ್ಳುವುದಿಲ್ಲ. ನಮ್ಮೊಳಗೆ ನಾಲ್ಕು ಗಡಿಯಾರಗಳಿವೆ, ಒಂದೊಂದೂ ಒಂದೊಂದು ವೇಗದಲ್ಲಿ ಓಡುತ್ತದೆ ಎಂದು ಭಾವಿಸಿಕೊಳ್ಳಿ.

ಮೊದಲನೆಯದು ರಕ್ತದ ಗಡಿಯಾರ. ನಿತ್ಯ ವ್ಯಾಯಾಮ ಮಾಡುವವರ ದೇಹದಲ್ಲಿ ಪ್ಲಾಸ್ಮಾ ಎಂಬ ರಕ್ತದ ದ್ರವಭಾಗ ಹೆಚ್ಚಾಗಿರುತ್ತದೆ. ಹೃದಯ ಒಂದು ಬಡಿತಕ್ಕೆ ಹೆಚ್ಚು ರಕ್ತವನ್ನು ದೂಡುತ್ತದೆ. ಅಭ್ಯಾಸ ನಿಂತ ಒಂದೆರಡು ವಾರದಲ್ಲೇ ಈ ಹೆಚ್ಚುವರಿ ಪ್ಲಾಸ್ಮಾ ಇಳಿದುಹೋಗುತ್ತದೆ. ಅದೇ ಏರನ್ನು ಹತ್ತಲು ಹೃದಯ ಈಗ ಹೆಚ್ಚು ಸಲ ಬಡಿದುಕೊಳ್ಳಬೇಕು. ಬಿಡುವಿನ ನಂತರ ಮೊದಲ ದಿನ ಅಷ್ಟೊಂದು ಏದುಸಿರು ಬರಲು ಇದೊಂದು ಮುಖ್ಯ ಕಾರಣ. ಸಂತೋಷದ ಸಂಗತಿಯೆಂದರೆ, ಬೇಗ ಹೋದದ್ದು ಬೇಗ ಮರಳುತ್ತದೆ ಕೂಡ.

ಎರಡನೆಯದು ಸ್ನಾಯುವಿನ ಗಡಿಯಾರ. ಜೀವಕೋಶದ ಶಕ್ತಿಕೇಂದ್ರವೆಂದು ಪಾಠದಲ್ಲಿ ಓದುವ ಮೈಟೊಕಾಂಡ್ರಿಯ ಇಲ್ಲಿ ಬರುತ್ತದೆ. 1984ರಲ್ಲಿ ಅಮೆರಿಕದ ಎಡ್ವರ್ಡ್ ಕೊಯ್ಲ್ ಮತ್ತು ಸಂಗಡಿಗರು ಚೆನ್ನಾಗಿ ಪಳಗಿದ ಏಳು ಕ್ರೀಡಾಪಟುಗಳನ್ನು 84 ದಿನ ಅಭ್ಯಾಸದಿಂದ ದೂರವಿರಿಸಿ ಪರೀಕ್ಷಿಸಿದರು. ದೇಹ ಒಂದು ನಿಮಿಷದಲ್ಲಿ ಬಳಸಬಲ್ಲ ಗರಿಷ್ಠ ಆಮ್ಲಜನಕದ ಪ್ರಮಾಣ ಮೊದಲ ಮೂರು ವಾರದಲ್ಲಿ ಶೇಕಡ 7ರಷ್ಟು ಇಳಿಯಿತು. ಕೊನೆಗೆ ಒಟ್ಟು ಶೇಕಡ 16ರಷ್ಟು ಇಳಿದು ನಿಂತಿತು. ಮೈಟೊಕಾಂಡ್ರಿಯದ ಕಿಣ್ವಗಳೂ ವಾರದಿಂದ ವಾರಕ್ಕೆ ಕುಗ್ಗಿದವು. ಆದರೆ ಸ್ನಾಯುಗಳಿಗೆ ರಕ್ತ ಒಯ್ಯುವ ಲೋಮನಾಳಗಳು ಅಷ್ಟು ದಿನ ಕಳೆದರೂ ಹಾಗೆಯೇ ಉಳಿದಿದ್ದವು! ನೀರು ನಿಂತರೂ ಕಾಲುವೆ ಮುಚ್ಚಿಹೋಗಿರಲಿಲ್ಲ ಎನ್ನಬಹುದು. 2010ರಲ್ಲಿ ನಾರ್ವೆಯ ಓಸ್ಲೊದಲ್ಲಿ ಕ್ರಿಸ್ಟಿಯನ್ ಗುಂಡರ್ಸನ್ ಅವರ ತಂಡ ಇಲಿಗಳಲ್ಲಿ ಇನ್ನೊಂದು ಸಂಗತಿ ಕಂಡಿತು. ಸ್ನಾಯು ಬೆಳೆಯುವಾಗ ಹೊಸದಾಗಿ ಸೇರಿದ ಕೋಶಕೇಂದ್ರಗಳು ಸ್ನಾಯು ಸೊರಗಿದ ಮೇಲೂ ಉಳಿದಿದ್ದವು. ಮನುಷ್ಯರಲ್ಲಿ ಇದು ಎಷ್ಟರಮಟ್ಟಿಗೆ ನಿಜವೆಂಬ ಚರ್ಚೆ ವಿಜ್ಞಾನಿಗಳ ನಡುವೆ ನಡೆದಿದೆ.

ಮೂರನೆಯದು ಕೌಶಲದ ಗಡಿಯಾರ. ಇದು ಎಲ್ಲಕ್ಕಿಂತ ನಿಧಾನವಾಗಿ ಮರೆಯುತ್ತದೆ. ಸಮತೋಲನ, ತಿರುವಿನಲ್ಲಿ ಬಾಗುವುದು, ಬ್ರೇಕನ್ನು ಎಷ್ಟು ಒತ್ತಬೇಕೆಂಬ ಅಂದಾಜು ಇವೆಲ್ಲ ಅನುಮಸ್ತಿಷ್ಕ ಮತ್ತು ಮೆದುಳಿನ ಇತರ ಭಾಗಗಳಲ್ಲಿ ಬೇರೂರಿರುತ್ತವೆ. ಈಜು ಕಲಿತವರಿಗೆ ನೀರು ಮರೆಯುವುದಿಲ್ಲ, ಸೈಕಲ್ ಕಲಿತವರಿಗೆ ಪೆಡಲ್ ಮರೆಯುವುದಿಲ್ಲ.

ನಾಲ್ಕನೆಯದು ಎಲುಬು ಮತ್ತು ಸ್ನಾಯುರಜ್ಜುಗಳ ಗಡಿಯಾರ. ಇದು ಹೊಸ ಭಾರಕ್ಕೆ ಒಗ್ಗಿಕೊಳ್ಳುವುದು ಬಲು ನಿಧಾನ. ಉಸಿರು ಹದಕ್ಕೆ ಬಂದ ಎಷ್ಟೋ ವಾರಗಳ ನಂತರವೂ ಮೊಣಕಾಲಿನ ರಜ್ಜುಗಳು ಪೂರ್ತಿ ಸಿದ್ಧವಾಗಿರುವುದಿಲ್ಲ.

ಈಗ ಅಪಾಯ ಎಲ್ಲಿದೆ ಎಂದು ಹೊಳೆಯಿತೇ? ಸೈಕಲ್ ಹತ್ತಿದ ಮೊದಲ ದಿನವೇ ಕೌಶಲದ ಗಡಿಯಾರ 'ನಾನು ಸಿದ್ಧ' ಎನ್ನುತ್ತದೆ. ಎರಡು ಮೂರು ವಾರ ಕಳೆದರೆ ರಕ್ತದ ಗಡಿಯಾರವೂ ಸೇರಿಕೊಳ್ಳುತ್ತದೆ. ಮನಸ್ಸು ಹಳೆಯ ವೇಗವನ್ನೇ ಕೇಳುತ್ತದೆ. ಸ್ನಾಯುರಜ್ಜು ಮಾತ್ರ ಇನ್ನೂ ಹಿಂದೆ ನಿಂತಿರುತ್ತದೆ. ಬಿಡುವಿನ ನಂತರ ಮರಳುವವರು ನೋಡಬೇಕಾದದ್ದು ಎಲ್ಲಕ್ಕಿಂತ ಹಿಂದಿರುವ ಗಡಿಯಾರವನ್ನು. ಈ ಲೇಖನದಲ್ಲಿ ನೆನಪಿಡಬೇಕಾದ ಮಾತು ಒಂದೇ ಇದ್ದರೆ ಅದು ಇದೇ.

ಮೂರು ವಾರದ ಹಾಸಿಗೆ

ಪೂರ್ತಿ ನಿಶ್ಚಲವಾಗಿದ್ದರೆ ಏನಾಗುತ್ತದೆ? 1966ರಲ್ಲಿ ಅಮೆರಿಕದ ಡಲ್ಲಾಸ್‌ನಲ್ಲಿ ಇಪ್ಪತ್ತರ ವಯಸ್ಸಿನ ಐವರು ಆರೋಗ್ಯವಂತ ಯುವಕರನ್ನು ಮೂರು ವಾರ ಹಾಸಿಗೆಯಲ್ಲೇ ಮಲಗಿಸಿ ಪರೀಕ್ಷಿಸಿದರು. ಅವರ ಆಮ್ಲಜನಕ ಬಳಕೆಯ ಸಾಮರ್ಥ್ಯ ಕಾಲು ಭಾಗಕ್ಕೂ ಹೆಚ್ಚು ಕುಸಿಯಿತು. ನಂತರ ಸುಮಾರು ಎರಡು ತಿಂಗಳ ತರಬೇತಿ ಕೊಟ್ಟಾಗ ಕಳೆದದ್ದೆಲ್ಲ ಮರಳಿತು. ಮೂವತ್ತು ವರ್ಷ ಕಳೆದ ಮೇಲೆ ಅದೇ ಐವರನ್ನು ಮತ್ತೆ ಕರೆದರು. ಆಗ ಅವರಿಗೆ ಐವತ್ತು. ಮೂವತ್ತು ವರ್ಷದ ವಯಸ್ಸು ಮಾಡಿದ ನಷ್ಟಕ್ಕಿಂತ ಅಂದು ಮೂರು ವಾರದ ಹಾಸಿಗೆ ಮಾಡಿದ ನಷ್ಟವೇ ಹೆಚ್ಚಾಗಿತ್ತು! ಇನ್ನೂ ಸೋಜಿಗವೆಂದರೆ, ಆರು ತಿಂಗಳ ಹದವಾದ ತರಬೇತಿಯಿಂದ ಅವರು ಮೂವತ್ತು ವರ್ಷದಲ್ಲಿ ಕಳೆದುಕೊಂಡದ್ದನ್ನು ಮರಳಿ ಪಡೆದರು.

ಇದರಿಂದ ಕಲಿಯಬೇಕಾದದ್ದು ಎರಡು. ಪೂರ್ತಿ ನಿಲ್ಲಿಸುವುದು ಬಹು ದುಬಾರಿ. ಹಾಗೆಂದು ನಿಂತದ್ದು ಮತ್ತೆ ಹೊರಡದು ಎಂದೇನೂ ಇಲ್ಲ.

ಮೊದಲ ಸುತ್ತಿನ ಮೋಸ

ಕ್ರಾಸ್‌ಕಂಟ್ರಿ ಸ್ಪರ್ಧೆಯ ಆರಂಭ ಬಹಳ ರಭಸದ್ದು. ಅಗಲವಾದ ದಾರಿ ಸ್ವಲ್ಪ ದೂರದಲ್ಲೇ ಒಬ್ಬರು ಮಾತ್ರ ಹೋಗಬಲ್ಲ ಕಿರುದಾರಿಯಾಗುತ್ತದೆ. ಅಲ್ಲಿಗೆ ಮೊದಲು ತಲುಪಲು ಎಲ್ಲರೂ ಜೀವಬಿಟ್ಟು ತುಳಿಯುತ್ತಾರೆ. ಬಿಡುವಿನ ನಂತರ ಬಂದವರು ಇಲ್ಲೇ ಮುಗ್ಗರಿಸುವುದು.

ಒಂದು ಲೆಕ್ಕ ಮಾಡೋಣ. ಸವಾರನ ತೂಕ 60 ಕೆ.ಜಿ., ಸೈಕಲ್ಲಿನದು 12 ಕೆ.ಜಿ. ಒಟ್ಟು 72. ಗುಡ್ಡದ ಎತ್ತರ 100 ಮೀಟರ್. ಮೇಲೆ ಹತ್ತಲು ಗುರುತ್ವದ ವಿರುದ್ಧ ಮಾಡಬೇಕಾದ ಕೆಲಸ 72 × 9.8 × 100, ಅಂದರೆ 70,560 ಜೌಲ್. ಹತ್ತು ನಿಮಿಷದಲ್ಲಿ ಹತ್ತಿದರೆ ಬೇಕಾಗುವ ಸಾಮರ್ಥ್ಯ ಸುಮಾರು 118 ವ್ಯಾಟ್. ಅದನ್ನೇ ಐದು ನಿಮಿಷದಲ್ಲಿ ಹತ್ತಿದರೆ 235 ವ್ಯಾಟ್. ಘರ್ಷಣೆಯ ನಷ್ಟ ಬೇರೆ. ಕೆಲಸ ಅಷ್ಟೇ, ಗುಡ್ಡವೂ ಅದೇ. ಅವಸರಕ್ಕೆ ತೆರುವ ಬೆಲೆ ಮಾತ್ರ ಎರಡರಷ್ಟು.

ಹೃದಯ ಮತ್ತು ಶ್ವಾಸಕೋಶ ಒದಗಿಸಬಲ್ಲದ್ದಕ್ಕಿಂತ ಹೆಚ್ಚು ಆಮ್ಲಜನಕವನ್ನು ಸ್ನಾಯು ಕೇಳಿದಾಗ, ಅದು ಆಮ್ಲಜನಕವಿಲ್ಲದೆ ಶಕ್ತಿ ತೆಗೆಯುವ ಅಡ್ಡದಾರಿಯನ್ನು ಹೆಚ್ಚು ಬಳಸುತ್ತದೆ. ಆ ದಾರಿಯಲ್ಲಿ ಹೆಚ್ಚು ಹೊತ್ತು ನಡೆಯಲಾಗದು. ಕಾಲು ಉರಿಯುತ್ತದೆ, ಉಸಿರು ತಪ್ಪುತ್ತದೆ. ಅಷ್ಟೇ ಆಗಿದ್ದರೆ ಚಿಂತೆಯಿರಲಿಲ್ಲ. ಏರು ಮುಗಿದ ಕೂಡಲೇ ಇಳಿಜಾರು ಬರುತ್ತದೆ. ದಣಿದ ಕೈಗೆ ಬ್ರೇಕಿನ ಹಿಡಿತ ಸಡಿಲ, ದಣಿದ ಕಣ್ಣಿಗೆ ಬಂಡೆ ಕಾಣುವುದು ತಡ. ಅನೇಕರು ಬೀಳುವುದು ಇಳಿಜಾರಿನಲ್ಲಾದರೂ ಬೀಳಿಸಿದ್ದು ಅದರ ಹಿಂದಿನ ಏರೇ ಆಗಿರುತ್ತದೆ.

ಹಾಗಾಗಿ ಮರಳಿ ಬಂದವರಿಗೆ ಮೊದಲ ಸ್ಪರ್ಧೆಯಲ್ಲಿ ಒಂದೇ ಗುರಿ ಸಾಕು: ಮೊದಲ ಸುತ್ತಿಗೂ ಕೊನೆಯ ಸುತ್ತಿಗೂ ತೆಗೆದುಕೊಂಡ ಸಮಯ ಹೆಚ್ಚುಕಡಿಮೆ ಒಂದೇ ಇರಬೇಕು. ಹಿಂದಿನ ಸಾಲಿನಿಂದ ಹೊರಡಿ. ಮುಂದೆ ಓಡಿದವರಲ್ಲಿ ಕೆಲವರು ಮೂರನೆಯ ಸುತ್ತಿನಲ್ಲಿ ತಾವಾಗಿಯೇ ನಿಮಗೆ ಸಿಗುತ್ತಾರೆ. ಇನ್ನೊಂದು ನಿಯಮವೂ ತಿಳಿದಿರಲಿ. ಅಂತರರಾಷ್ಟ್ರೀಯ ಕ್ರಾಸ್‌ಕಂಟ್ರಿ ಸ್ಪರ್ಧೆಗಳಲ್ಲಿ ಮುಂದಿರುವವರಿಗಿಂತ ತೀರಾ ಹಿಂದುಳಿದ ಸವಾರರನ್ನು ನಡುವೆಯೇ ನಿಲ್ಲಿಸಿ ಹೊರಗೆ ಕಳುಹಿಸುತ್ತಾರೆ. ಅಲ್ಲಿ ಇದು ಅವಮಾನವಲ್ಲ, ದಾರಿ ತೆರವಾಗಿರಲೆಂದು ಮಾಡಿದ ಏರ್ಪಾಡು. ನಿಮಗೂ ಹಾಗಾದರೆ ತಲೆ ತಗ್ಗಿಸಬೇಕಿಲ್ಲ.

ಎಂಟು ವಾರದ ದಾರಿ

ಒಂದು ವರ್ಷ ಬಿಟ್ಟವರು ಸ್ಪರ್ಧೆಗೆ ಕನಿಷ್ಠ ಎಂಟು ವಾರವಿರುವಾಗ ಶುರು ಮಾಡುವುದು ಒಳ್ಳೆಯದು.

ಮೊದಲು ಸೈಕಲ್ಲಿಗೇ ಆರೈಕೆ ಬೇಕು. ನಿಂತಲ್ಲೇ ನಿಂತ ಟೈರಿನ ರಬ್ಬರ್ ಬಿರುಕು ಬಿಟ್ಟಿರಬಹುದು. ಬ್ರೇಕ್, ಚೈನ್, ಗೇರ್ ಎಲ್ಲವನ್ನೂ ಸೈಕಲ್ ಅಂಗಡಿಯಲ್ಲಿ ತೋರಿಸಿ. ಹದಿನೈದು ಹದಿನಾರರ ವಯಸ್ಸಿನಲ್ಲಿ ಒಂದು ವರ್ಷವೆಂದರೆ ಮಕ್ಕಳು ಹಲವು ಸೆಂಟಿಮೀಟರ್ ಬೆಳೆದಿರುತ್ತಾರೆ. ಹಳೆಯ ಎತ್ತರದಲ್ಲೇ ಸೀಟು ಇಟ್ಟು ತುಳಿದರೆ ಮೊಣಕಾಲು ನೋಯುವುದು ಖಂಡಿತ. ಪೆಡಲ್ ತೀರಾ ಕೆಳಗಿರುವಾಗ ಮೊಣಕಾಲು ಕೊಂಚವೇ ಬಾಗಿರಬೇಕು. ಹೆಲ್ಮೆಟ್ಟೂ ಚಿಕ್ಕದಾಗಿರಬಹುದು, ಹಾಕಿ ನೋಡಿ.

ಮೊದಲೆರಡು ವಾರ ದಿನ ಬಿಟ್ಟು ದಿನ, ಸಮತಟ್ಟಾದ ದಾರಿಯಲ್ಲಿ ಅರ್ಧ ಗಂಟೆ. ಪಕ್ಕದವರೊಂದಿಗೆ ಪೂರ್ತಿ ವಾಕ್ಯದಲ್ಲಿ ಮಾತಾಡಲು ಆಗುವಷ್ಟೇ ವೇಗ. ಮಾತು ತುಂಡಾಗುತ್ತಿದ್ದರೆ ವೇಗ ತಗ್ಗಿಸಿ. ಮೂರು, ನಾಲ್ಕನೆಯ ವಾರ ವೇಗವನ್ನು ಮುಟ್ಟದೆ ಸಮಯವನ್ನು ಮಾತ್ರ ಸ್ವಲ್ಪ ಹೆಚ್ಚಿಸಿ, ಒಂದು ಸಣ್ಣ ದಿಣ್ಣೆ ಸೇರಿಸಿ. ಐದು, ಆರನೆಯ ವಾರ ವಾರಕ್ಕೊಮ್ಮೆ ಏರಿನ ಅಭ್ಯಾಸ: ಮೂರು ನಿಮಿಷ ಹತ್ತಿ, ಮೂರು ನಿಮಿಷ ಸುಧಾರಿಸಿಕೊಂಡು, ಹೀಗೆ ನಾಲ್ಕು ಬಾರಿ. ಏಳನೆಯ ವಾರ ಸ್ಪರ್ಧೆಯಂಥ ದಾರಿಯಲ್ಲಿ ಒಂದೆರಡು ಸುತ್ತು. ಎಂಟನೆಯ ವಾರ ಅಭ್ಯಾಸ ಅರ್ಧಕ್ಕಿಳಿಸಿ ವಿಶ್ರಾಂತಿ. ಹೆಚ್ಚಿಸುವುದಾದರೆ ಸಮಯ, ವೇಗ, ಏರು ಇವುಗಳಲ್ಲಿ ಒಂದು ಸಲಕ್ಕೆ ಒಂದನ್ನೇ.

ಬೆಳಿಗ್ಗೆ ಹಾಸಿಗೆ ಬಿಡುವ ಮುನ್ನ ನಿಮಿಷದ ನಾಡಿಬಡಿತ ಎಣಿಸಿ ಒಂದು ನೋಟ್‌ಪುಸ್ತಕದಲ್ಲಿ ಬರೆದಿಡಿ. ಎಂದಿಗಿಂತ ಎಂಟು ಹತ್ತು ಹೆಚ್ಚಿದ್ದರೆ ಅಂದು ರಜೆ. ವಾರಗಳು ಕಳೆದಂತೆ ಈ ಸಂಖ್ಯೆ ಇಳಿಯುವುದನ್ನು ನೋಡುವುದೇ ಒಂದು ಪ್ರಯೋಗ. ಜ್ವರವಿದ್ದಾಗ ಮಾತ್ರ ಯಾವ ಅಭ್ಯಾಸವೂ ಬೇಡ. ಕೆಲವು ವೈರಸ್ ಸೋಂಕುಗಳು ಹೃದಯದ ಸ್ನಾಯುವನ್ನೂ ತಟ್ಟಬಲ್ಲವು. ಅಂಥ ಹೊತ್ತಿನ ಕಠಿಣ ಶ್ರಮ ಜೀವಕ್ಕೇ ಅಪಾಯ. ಕಾಯಿಲೆ ಅಥವಾ ಮೂಳೆ ಮುರಿತದ ನಂತರ ಮರಳುವವರು ವೈದ್ಯರನ್ನು ಕೇಳದೆ ಪೆಡಲ್ ಮುಟ್ಟಬಾರದು.

ಪಿಡ್‌ಕಾಕ್ ಎಂಟು ವಾರದಲ್ಲಿ ಚಿನ್ನ ಗೆದ್ದರಲ್ಲ ಎಂದು ಕೇಳಬಹುದು. ಅವರು ಶಸ್ತ್ರಚಿಕಿತ್ಸೆಯಾದ ಕೆಲವೇ ದಿನಗಳಲ್ಲಿ ಮನೆಯೊಳಗೆ ನಿಂತಲ್ಲೇ ತುಳಿಯುವ ಯಂತ್ರದ ಮೇಲೆ ಅಭ್ಯಾಸ ಆರಂಭಿಸಿದ್ದರು. ಮುರಿದದ್ದು ಎಲುಬು, ರಕ್ತ ಮತ್ತು ಸ್ನಾಯುಗಳ ಗಡಿಯಾರ ನಿಂತಿರಲೇ ಇಲ್ಲ. ಜೊತೆಗೆ ವೈದ್ಯರು, ತರಬೇತುದಾರರ ಪಡೆಯೇ ಇತ್ತು. ನಾವು ಅನುಕರಿಸಬೇಕಾದದ್ದು ಅವರ ಅವಸರವನ್ನಲ್ಲ, ಪೂರ್ತಿ ನಿಲ್ಲಿಸದ ಆ ಬುದ್ಧಿಯನ್ನು.

ತಂದೆ ತಾಯಿಗಳಿಗೆ ಎರಡು ಮಾತು

'ಹತ್ತನೇ ಕ್ಲಾಸು ಸಾರ್, ಈ ವರ್ಷ ಆಟ ಬೇಡ' ಎಂಬ ಮಾತನ್ನು ಮೇಷ್ಟ್ರಾಗಿ ನಾನು ಪ್ರತಿ ಜೂನ್ ತಿಂಗಳಲ್ಲೂ ಕೇಳುತ್ತೇನೆ. ಆ ಆತಂಕ ನನಗೆ ಅರ್ಥವಾಗುತ್ತದೆ. ಪಾಠ, ಟ್ಯೂಷನ್, ಪರೀಕ್ಷೆಗಳ ನಡುವೆ ದಿನವೂ ಎರಡು ಗಂಟೆ ಸೈಕಲ್ ತುಳಿಯಲು ಸಮಯವಿಲ್ಲ, ನಿಜ. ಆದರೆ ಎರಡು ಗಂಟೆ ಬೇಕೆಂದು ಹೇಳಿದವರು ಯಾರು?

1980ರ ದಶಕದ ಆರಂಭದಲ್ಲಿ ಅಮೆರಿಕದ ರಾಬರ್ಟ್ ಹಿಕ್ಸನ್ ಈ ಬಗ್ಗೆ ಪ್ರಯೋಗ ನಡೆಸಿದರು. ವಾರಕ್ಕೆ ಆರು ದಿನ, ದಿನಕ್ಕೆ 40 ನಿಮಿಷದಂತೆ ಹತ್ತು ವಾರ ಸೈಕಲ್ ತುಳಿದು, ಓಡಿ ಪಳಗಿದವರಿಗೆ ಆಮೇಲೆ ಅಭ್ಯಾಸವನ್ನು ತಗ್ಗಿಸಲು ಹೇಳಿದರು. ಕೆಲವರು ವಾರಕ್ಕೆ ಎರಡೇ ದಿನ ಮಾಡಿದರು. ಹದಿನೈದು ವಾರ ಕಳೆದರೂ ಅವರ ಆಮ್ಲಜನಕ ಬಳಕೆಯ ಸಾಮರ್ಥ್ಯ ಇಳಿಯಲಿಲ್ಲ! ಷರತ್ತು ಒಂದೇ, ಮಾಡುವಷ್ಟು ಹೊತ್ತು ಮೊದಲಿನ ತೀವ್ರತೆಯಲ್ಲೇ ಮಾಡಬೇಕು. ಗಳಿಸಲು ಹೆಚ್ಚು ಬೇಕು, ಉಳಿಸಿಕೊಳ್ಳಲು ಕಡಿಮೆ ಸಾಕು. ವಾರಕ್ಕೆ ಎರಡು ದಿನ, ನಲವತ್ತು ನಲವತ್ತು ನಿಮಿಷ. ಇಷ್ಟರಿಂದ ಯಾವ ಮಗುವಿನ ಅಂಕವೂ ಕಡಿಮೆಯಾಗದು. ಹಾಗೆ ನೋಡಿದರೆ 5ರಿಂದ 17 ವರ್ಷದ ಮಕ್ಕಳಿಗೆ ದಿನಕ್ಕೆ ಸರಾಸರಿ ಒಂದು ಗಂಟೆಯ ದೈಹಿಕ ಚಟುವಟಿಕೆ ಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಶಾಲೆಗೆ ಸೈಕಲ್ಲಿನಲ್ಲಿ ಹೋಗಿ ಬಂದರೂ ಅದರಲ್ಲೊಂದು ಪಾಲು ಸಂದಂತೆ.

ಇನ್ನು ಈಗಾಗಲೇ ವರ್ಷ ಬಿಟ್ಟಾಗಿದೆ ಎನ್ನುವವರ ಮಾತು. ಮಗ ಅಥವಾ ಮಗಳು ಮರಳಿ ಹೊರಟಾಗ 'ಮೊದಲು ಎಷ್ಟು ಚೆನ್ನಾಗಿ ಓಡಿಸುತ್ತಿದ್ದೆ' ಎಂದು ಹಳೆಯ ಬಹುಮಾನಗಳನ್ನು ನೆನಪಿಸಬೇಡಿ. ಮಗುವಿನ ಮನಸ್ಸು ಆ ಕೆಲಸವನ್ನು ತಾನೇ ಮಾಡುತ್ತಿರುತ್ತದೆ. 'ಕಳೆದ ವಾರಕ್ಕಿಂತ ಈ ವಾರ ಹೇಗಿತ್ತು?' ಎಂದು ಕೇಳಿ. ಹೋಲಿಕೆ ಹೋದ ವರ್ಷದೊಂದಿಗಲ್ಲ, ಹೋದ ವಾರದೊಂದಿಗೆ.

ಮರಳುವಿಕೆ ಒಮ್ಮೆ ಮಾಡಿ ಮುಗಿಸುವ ಕೆಲಸವೂ ಅಲ್ಲ. ಇಜುವಿನಲ್ಲಿ ಚಿನ್ನ ಗೆದ್ದ ನೆಫ್ 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಇರಲಿಲ್ಲ. ಶ್ರಮ ಪಡುವಾಗ ಗಂಟಲು ಕಿರಿದಾಗಿ ಉಸಿರು ಸಿಕ್ಕಿಕೊಳ್ಳುವ ತೊಂದರೆ ಅವರನ್ನು ಕಾಡಿತ್ತು. ನಾರ್ವೆಯ ಗುನ್‌ರಿಟಾ ದಾಲೆ ಫ್ಲೆಶೊ 2004ರ ಅಥೆನ್ಸ್‌ನಲ್ಲಿ ಚಿನ್ನ ಗೆದ್ದು, 2009ರಲ್ಲಿ ತಾಯಿಯಾಗಿ, ಮತ್ತೆ ಅಭ್ಯಾಸಕ್ಕಿಳಿದು 43ರ ವಯಸ್ಸಿನಲ್ಲಿ 2016ರ ರಿಯೊ ಒಲಿಂಪಿಕ್ಸ್‌ನ ಸಾಲಿನಲ್ಲಿ ನಿಂತರು. ಬದುಕಿನಲ್ಲಿ ಬಿಡುವುಗಳು ಬರುತ್ತಲೇ ಇರುತ್ತವೆ. ಪರೀಕ್ಷೆ, ಕಾಯಿಲೆ, ಮನೆಯ ಕಷ್ಟ, ಊರು ಬದಲಾವಣೆ. ನಿಂತ ಮೇಲೆ ಹೇಗೆ ಹೊರಡಬೇಕೆಂದು ಹದಿನಾರರ ವಯಸ್ಸಿನಲ್ಲಿ ಒಂದು ಗುಡ್ಡದ ಮೇಲೆ ಕಲಿತವರಿಗೆ ಆ ಪಾಠ ಮುಂದೆ ಬೇರೆ ಕಡೆಯೂ ಒದಗುತ್ತದೆ.

ಸೈಕಲ್ ಇನ್ನೂ ಅಟ್ಟದ ಮೇಲಿದ್ದರೆ ಈ ಭಾನುವಾರ ಕೆಳಗಿಳಿಸಿ. ದೂಳು ಒರೆಸಿ, ಗಾಳಿ ಹೊಡೆಸಿ, ಬ್ರೇಕ್ ನೋಡಿ. ಗುಡ್ಡದ ಕಡೆಗೆ ಇನ್ನೂ ಬೇಡ. ಸಮತಟ್ಟಾದ ದಾರಿಯಲ್ಲಿ ಅರ್ಧ ಗಂಟೆ ಸಾಕು.